ಒಮ್ಮೆ ಎಳೆದು ನೋಡು

ಬರೀ ಹನ್ನೆರಡು ನಿಮಿಷ. ಅಷ್ಟರಲ್ಲಿ ನನ್ನ ಸೋದರಮಾವನ ಮೂವತ್ತು ವರ್ಷದ ಕೆಲಸಕ್ಕೆ ನಾನು ಕಲ್ಲು ಹಾಕಿದೆ.

ಆಸ್ಪತ್ರೆಯಲ್ಲಿ ಕೇಬಲ್ ಎಳೆಯುವುದು ಮಾವನ ಕೆಲಸ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚು ಪೆಟ್ಟಿಗೆಗಳಿಗೆ ಕಮಾಂಡ್ ಬರೆಯುವುದು ನನ್ನದು. ಈ ಕಸುಬಿಗೆ ನನ್ನನ್ನು ಕೈಹಿಡಿದು ತಂದವರೇ ಅವರು. ಕೇಬಲ್ಲನ್ನು ಸ್ವಿಚ್ಚಿಗೆ ಸಿಕ್ಕಿಸಿ, “ಒಮ್ಮೆ ಎಳೆದು ನೋಡು, ಆಮೇಲೆ ಮರೆತುಬಿಡು” ಎನ್ನುತ್ತಿದ್ದರು. ನಾನೇನಾದರೂ ಎರಡನೇ ಸಲ ಎಳೆದೆನೋ, ಕೈಮೇಲೆ ನಂಬಿಕೆ ಇಲ್ಲದವಳು ಮನೆಗೆ ಹೋಗಿ ಸೊಪ್ಪು ಬಿಡಿಸು ಎಂದು ರೇಗಿಸುತ್ತಿದ್ದರು.

ಅಂದು ಬೆಳಿಗ್ಗೆ ಮೂರನೇ ಮಹಡಿಗೆ ಹೊಸ ಎಕ್ಸ್-ರೇ ಯಂತ್ರ ಬಂದಿತ್ತು. ನಮ್ಮ ಜಾಲದಲ್ಲಿ ಪ್ರತಿ ವಿಭಾಗಕ್ಕೂ ಒಂದು ನಂಬರು. ಕೆಳಗಿನ ದೊಡ್ಡ ಸ್ವಿಚ್ಚಿನಿಂದ ಆ ಮಹಡಿಗೆ ಹೋಗುವ ಕೇಬಲ್ಲಿನಲ್ಲಿ ಯಾವ ನಂಬರುಗಳು ಹಾಯಬಹುದು ಎಂಬುದಕ್ಕೆ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಹೊಸ ನಂಬರು ಸೇರಿಸುವಾಗ ಕಮಾಂಡಿನಲ್ಲಿ ‘ಆ್ಯಡ್’ ಎಂದು ಬರೆಯಲೇಬೇಕು. ಬರೆಯದಿದ್ದರೆ ಸ್ವಿಚ್ಚು ಹಳೆಯ ಪಟ್ಟಿಯನ್ನು ಪೂರಾ ಅಳಿಸಿ ಹೊಸ ನಂಬರೊಂದನ್ನೇ ಇಟ್ಟುಕೊಳ್ಳುತ್ತದೆ. ಹಾಳಾದ್ದು, ಒಂದು ಮಾತು ಕೇಳುವುದೂ ಇಲ್ಲ. ನಾನು ಬರೆಯಲಿಲ್ಲ.

ಮೂರನೇ ಮಹಡಿಯ ಲ್ಯಾಬು, ವಾರ್ಡುಗಳ ಸಂಪರ್ಕವೆಲ್ಲ ಸತ್ತುಹೋಯಿತು. ಅಲ್ಲಿ ಸ್ವಿಚ್ಚಿನ ಮುಂದೆ ಇದ್ದವರು ಮಾವ. ಅವರ ನೆತ್ತಿಯ ಮೇಲೆ ನಮ್ಮ ಮ್ಯಾನೇಜರು, ಮಾತಿಗೊಮ್ಮೆ ವಾಚು ನೋಡುವ ಮನುಷ್ಯ. ಸ್ವಿಚ್ಚಿನ ದೀಪ ಹಸಿರಾಗೇ ಉರಿಯುತ್ತಿದೆ, ಕೇಬಲ್ ಸರಿಯಾಗಿದೆ ಎಂದು ಮಾವ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದರು. ನಾನು ಕೆಳಗೆ ಕೂತು ಹುಡುಕಿದೆ. ತಪ್ಪು ಕಣ್ಣಿಗೆ ಬಿದ್ದ ಕೂಡಲೇ ಹಳೆಯ ನಂಬರುಗಳನ್ನೆಲ್ಲ ಸೇರಿಸಿ ಎಂಟರ್ ಒತ್ತಿದೆ. ಅದೇ ಗಳಿಗೆಯಲ್ಲಿ ಮ್ಯಾನೇಜರು ಗದರಿದರೆಂದು ಮಾವ ಮೇಲೆ ಕೇಬಲ್ಲನ್ನು ಕಿತ್ತು ಮತ್ತೆ ಸಿಕ್ಕಿಸಿದ್ದರು. ಹನ್ನೆರಡು ನಿಮಿಷಕ್ಕೆ ಎಲ್ಲ ಸರಿಹೋಯಿತು.

ಕೇಬಲ್ ಸಡಿಲವಾಗಿತ್ತು ಅಲ್ಲವೇ ಎಂದು ಮ್ಯಾನೇಜರು ಫೋನಿನಲ್ಲಿ ಕೇಳಿದರು.

“ಇರಬಹುದು ಸರ್” ಎಂದೆ.

ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ. ಸಂಜೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ಮೂರು ವಾರ ತಳ್ಳಿದೆ. ಅಷ್ಟು ದಿನವೂ ಮಾವ ಏಣಿ ಹೊತ್ತು ಮಹಡಿ ಮಹಡಿ ಅಲೆದು ಒಂದೊಂದು ಕೇಬಲ್ಲನ್ನೂ ಎಳೆದೆಳೆದು ನೋಡಿದರು. ನಾನು ಎದುರಾದರೆ ತಪ್ಪು ಮಾಡಿದವರು ಅವರೇ ಎನ್ನುವಂತೆ ತಲೆ ತಗ್ಗಿಸುತ್ತಿದ್ದರು. ಒಂದು ದಿನ ಊಟ ಬಡಿಸುತ್ತ ಅಮ್ಮ ಹೇಳಿದಳು, “ಅಣ್ಣ ರಾಜೀನಾಮೆ ಕೊಟ್ಟನಂತೆ ಕಣೇ. ಕೈ ಹಿಡಿತ ತಪ್ಪಿದೆ ಅಂತಾನೆ.” ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನವೇ ಮ್ಯಾನೇಜರ ಮುಂದೆ ಎಲ್ಲ ಒಪ್ಪಿಕೊಂಡೆ. ಸ್ವಿಚ್ಚಿನ ದಾಖಲೆಯಲ್ಲಿ ನನ್ನ ಹೆಸರು, ಗಂಟೆ, ನಾನು ಬರೆದ ಸಾಲು ಎಲ್ಲವೂ ಇತ್ತು. ಅವರು ನನಗೆ ಚೆನ್ನಾಗಿ ಉಗಿದು, ಪತ್ರ ವಾಪಸು ತೆಗೆದುಕೊಳ್ಳುವಂತೆ ಮಾವನಿಗೆ ನೀನೇ ಹೇಳು ಎಂದರು. ದಾಖಲೆಯ ಪ್ರಿಂಟ್ ಹಿಡಿದು ಮಾವನ ಮನೆಗೆ ಹೋದೆ.

ಮಾವ ಕನ್ನಡಕ ಹಾಕಿಕೊಂಡು ಹಾಳೆಯನ್ನು ನೋಡಿದರು, ಮಡಚಿದರು.

“ನಿಮ್ಮಮ್ಮ ಹೇಳಿ ಕಳಿಸಿದ್ಲಾ?”

“ಇಲ್ಲ ಮಾವ. ತಪ್ಪು ನಂದೇ. ನಿಮ್ಮ ಕೇಬಲ್ ಸರಿಯಾಗೇ ಇತ್ತು.”

“ನನಗೋಸ್ಕರ ನಿನ್ನ ಹೆಸರು ಯಾಕೆ ಕೆಡಿಸ್ಕೋತೀಯ ಪುಟ್ಟಿ? ಸಿಕ್ಕಿಸಿದ ತಕ್ಷಣ ಬಂತಲ್ಲ, ನಾನೇ ನೋಡಿದೆ.”

“ಸಡಿಲ ಆಗಿದ್ರೆ ದೀಪ ಆರಬೇಕಿತ್ತಲ್ವಾ? ಹಸಿರಿದೆ ಅಂತ ನೀವೇ ಅಂದ್ರಿ.”

ಮಾವ ಕನ್ನಡಕ ತೆಗೆದು ಒರೆಸಿದರು. “ಹಸಿರಿತ್ತು ಅಂತ ಅನ್ನಿಸಿತ್ತು. ಈಗ ಕಣ್ಣನ್ನೂ ನಂಬೋ ಹಾಗಿಲ್ಲ.”

ನಾನು ಅತ್ತುಬಿಟ್ಟೆ. ಕಾಲು ಹಿಡಿದೆ. ನನ್ನನ್ನು ಸಮಾಧಾನ ಮಾಡಿದವರೂ ಅವರೇ. ಇಷ್ಟು ಒಳ್ಳೆಯ ಸೊಸೆ ಯಾರಿಗಿದ್ದಾಳೆ ಎಂದು ತಲೆ ಸವರಿದರು. ಅದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು.

ಬಸ್ಸಿನವರೆಗೆ ಬಿಡುತ್ತೇನೆಂದು ಹೊರಟರು. ಬಾಗಿಲಿಗೆ ಬೀಗ ಹಾಕಿ ಎಳೆದು ನೋಡಿದರು. ಎರಡು ಮೆಟ್ಟಿಲು ಇಳಿದು, ಮತ್ತೆ ಹತ್ತಿ, ಇನ್ನೊಮ್ಮೆ ಎಳೆದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀನೊಂದ್ಸಲ ಎಳೆದು ನೋಡು ಪುಟ್ಟಿ, ಸರಿಯಾಗಿ ಬಿದ್ದಿದೆಯಾ?”