ಅತ್ತೆ ಹೊಲಿದುಕೊಂಡ ಅಂಗಿ

ಅತ್ತೆಗೆ ಶ್ವಾಸಕೋಶದ ಕ್ಯಾನ್ಸರ್ ಇದೆ ಎಂದು ತಿಳಿದದ್ದೇ ಅದು ಮೂಳೆಗೆ ಹರಡಿದ ಮೇಲೆ. ಆಸ್ಪತ್ರೆಯವರು ಎರಡು ಔಷಧಿಗಳನ್ನು ಜೊತೆಯಾಗಿ ಕೊಟ್ಟು ನೋಡುವ ಪರೀಕ್ಷೆಗೆ ಅವರನ್ನು ಸೇರಿಸಿಕೊಂಡರು: ದಿನಾ ಮಾತ್ರೆ, ಆಗಾಗ ನರಕ್ಕೆ ಹನಿಸುವ ಮದ್ದು. ಕೆಲವೇ ತಿಂಗಳಲ್ಲಿ ಗೆಡ್ಡೆ ಅರ್ಧಕ್ಕೆ ಇಳಿದಿತ್ತು. ಮಾತಾಡಲೂ ಏದುಸಿರು ಬಿಡುತ್ತಿದ್ದವರು ಮತ್ತೆ ಹೊಲಿಗೆ ಯಂತ್ರ ತುಳಿಯತೊಡಗಿದರು. ಆ ಸದ್ದು ಕೇಳಿದರೆ ಸೊಸೆಗೆ ಹೋದ ಜೀವ ಬಂದಂತಾಗುತ್ತಿತ್ತು.

ಆದರೆ ಇಂಥ ಸೆಕೆಯಲ್ಲಿ ಅತ್ತೆ ಕತ್ತು ಮುಚ್ಚುವ, ಮಣಿಕಟ್ಟಿನವರೆಗೆ ತೋಳಿರುವ ಅಂಗಿ ಹೊಲಿದುಕೊಂಡಿದ್ದೇಕೆ? ಎಡತೋಳಿಗೆ ಗುಂಡಿ ಬೇರೆ. ಬಿಚ್ಚಿದರೆ ಸೂಜಿ ಚುಚ್ಚುವಷ್ಟೇ ಜಾಗ. ಒಂದು ಬೆರಳು ಹೆಚ್ಚಿಲ್ಲ. ಕಣ್ಣಿಗೆ ಬಿದ್ದದ್ದನ್ನು ಹಾಗೇ ಬಿಡುವ ಜಾಯಮಾನ ಸೊಸೆಯದಲ್ಲ. ಸ್ನಾನದ ಮನೆಗೆ ಟವೆಲ್ ಕೊಡುವ ನೆಪದಲ್ಲಿ ಹೋದಳು. ಅತ್ತೆಯ ಬೆನ್ನು, ರಟ್ಟೆ ಎಲ್ಲ ಕೆಂಪು ಗುಳ್ಳೆ.

"ಇದೇನತ್ತೆ?"

"ಬೆವರುಸಾಲೆ."

"ಬೆವರುಸಾಲೆ ಕೀವು ಸೋರುತ್ತಾ?"

ಅತ್ತೆ ಟವೆಲ್ ಕಸಿದು ಹೊದ್ದುಕೊಂಡರು. "ಇದನ್ನ ನೋಡಿದ್ರೆ ಆಸ್ಪತ್ರೆಯವರು ನನ್ನ ಹೆಸರು ಹೊಡೆದುಹಾಕ್ತಾರೆ. ಆಮೇಲೆ ಈ ಮದ್ದು ಯಾರು ಕೊಡ್ತಾರೆ, ನಿಮ್ಮಪ್ಪನಾ? ನೀನು ಬಾಯಿ ಬಿಟ್ಟೆಯೋ, ನಿನಗೂ ನನಗೂ ಮಾತಿಲ್ಲ."

ಹೇಳಿದರೆ ಮದ್ದು ತಪ್ಪಬಹುದು. ಹೇಳದಿದ್ದರೆ ನಂಜು ರಕ್ತಕ್ಕೆ ಇಳಿಯಬಹುದು. ಮದ್ದು ಹನಿಸುವ ದಿನ ಆಸ್ಪತ್ರೆ ತಲುಪುವವರೆಗೂ ಸೊಸೆ ಇದನ್ನೇ ಅಳೆದಳು, ಸುರಿದಳು.

"ಏನಾದ್ರೂ ತೊಂದರೆ ಇದೆಯಾ, ಅಮ್ಮಾ?" ಎಂದು ನರ್ಸ್ ಕೇಳಿದಳು.

"ಗುಂಡುಕಲ್ಲಿನ ಹಾಗಿದ್ದೀನಿ."

"ಬೆನ್ನು ನೋಡಿ, ಸಿಸ್ಟರ್." ಸೊಸೆಯ ಬಾಯಿಂದ ಮಾತು ಜಾರಿಯೇಬಿಟ್ಟಿತು.

ಡಾಕ್ಟರ್ ಬಂದರು, ನೋಡಿದರು. "ಇದು ಮದ್ದಿನಿಂದಲೇ ಎದ್ದ ಗುಳ್ಳೆ. ಎರಡು ವಾರ ಮಾತ್ರೆ ಬೇಡ. ಗಾಯ ಮಾಗಲಿ, ಆಮೇಲೆ ಕಡಿಮೆ ಪ್ರಮಾಣದಲ್ಲಿ ಶುರು ಮಾಡೋಣ."

"ಹೊರಗೆ ಹಾಕಲ್ವಾ?" ಅತ್ತೆಯ ದನಿ ಉಡುಗಿತ್ತು.

"ಯಾಕಮ್ಮಾ? ಎರಡೂ ಮದ್ದು ಸೇರಿದ್ರೆ ಮೈ ಎಷ್ಟು ತಡೆಯತ್ತೆ ಅಂತ ತಿಳ್ಕೊಳ್ಳೋದಕ್ಕೂ ಈ ಪರೀಕ್ಷೆ. ನೀವು ಮುಚ್ಚಿಟ್ರೆ ನಿಮ್ಮ ಹಿಂದೆ ಬರೋರಿಗೆ ಯಾರು ಹೇಳ್ತಾರೆ? ಇನ್ನೂ ತಡವಾಗಿದ್ರೆ ನಂಜೇರಿ, ನಿಜವಾಗ್ಲೂ ಎಲ್ಲ ನಿಲ್ಲಿಸಬೇಕಾಗ್ತಿತ್ತು."

ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ. ಆ ಎರಡು ವಾರ ಬೇಕಾದ್ದನ್ನೆಲ್ಲ ಗೋಡೆಗೆ ಹೇಳಿದರು: "ಯಾರಾದ್ರೂ ದೀಪ ಹಾಕಿದ್ರೆ ಸೂಜಿಗೆ ದಾರ ಪೋಣಿಸಬಹುದಿತ್ತು." ಸೊಸೆ ಮುಲಾಮು ಹಿಡಿದು ಬಂದಾಗ ಮಾತ್ರ ಸುಮ್ಮನೆ ಬೆನ್ನು ಕೊಟ್ಟು ಕೂರುತ್ತಿದ್ದರು.

ಗಾಯ ಒಣಗಿತು. ಮಾತ್ರೆ ಮತ್ತೆ ಶುರುವಾಯಿತು. ಮುಂದಿನ ಸ್ಕ್ಯಾನಿನಲ್ಲೂ ಗೆಡ್ಡೆ ಬೆಳೆದಿರಲಿಲ್ಲ.

"ಈಗ ಹೇಗಿದ್ದೀರಿ?" ನರ್ಸ್ ಕೇಳಿದಳು.

"ನನ್ನನ್ನೇನು ಕೇಳ್ತೀರಿ, ನಾನು ಸುಳ್ಳು ಹೇಳೋಳು." ಅತ್ತೆ ಸೊಸೆಯ ಕೈ ಹಿಡಿದು ಮುಂದಕ್ಕೆ ಎಳೆದುಕೊಂಡರು. "ಇವಳನ್ನ ಕೇಳಿ. ನಾನು ಇವತ್ತು ಇಲ್ಲಿ ಕೂತಿರೋದೇ ಇವಳಿಂದ."

ಸೊಸೆ ನರ್ಸನ್ನು ನೋಡಿದಳು, ಅತ್ತೆಯನ್ನು ನೋಡಿದಳು.

"ಹೇಳೇ," ಎಂದರು ಅತ್ತೆ, ಹಿಡಿದ ಕೈ ಬಿಡದೆ. "ಈಗ್ಯಾಕೆ ಬಾಯಿಗೆ ಬೀಗ?"