ರಸ ಮುಟ್ಟದ ಚಿನ್ನ

ದ್ಯಾವಯ್ಯ ಮನುಷ್ಯರನ್ನು ಪಾದದಿಂದ ಗುರುತು ಹಿಡಿಯುತ್ತಿದ್ದ. ಎದುರು ಬಂದವರ ಮುಖ ನೋಡುವ ಅಭ್ಯಾಸವೇ ಅವನಿಗಿರಲಿಲ್ಲ; ಸದಾ ನೆಲಕ್ಕೆ ನೆಟ್ಟಿದ್ದ ಅವನ ದೃಷ್ಟಿ ನಮ್ಮ ಚಪ್ಪಲಿಯ ತನಕ ಬಂದು, ಅಲ್ಲಿ ಒಂದು ಗಳಿಗೆ ತಂಗಿ, ಮತ್ತೆ ಮರಳಿಗೇ ಹಿಂತಿರುಗುತ್ತಿತ್ತು. ಹಳ್ಳಿಮೈಸೂರಿನ ಮಿಡ್ಲ್ ಸ್ಕೂಲಿಗೆ ನಾನು ಮೇಷ್ಟರಾಗಿ ಬಂದ ಹೊಸದರಲ್ಲಿ, ಊರಾಚೆಯ ಹಳ್ಳ ದಾಟುವಾಗ, ಮೊಣಕಾಲುದ್ದ ನೀರಿನಲ್ಲಿ ಬಾಗಿ ನಿಂತಿದ್ದ ಒಬ್ಬ ಮನುಷ್ಯ ತಲೆಯನ್ನೇ ಎತ್ತದೆ, ‘ಯಾರ್ ಸಾ ತಾವು? ಈ ಕೆರ ನಮ್ಮೂರ್ದಲ್ಲ,’ ಎಂದ. ನನಗೆ ಕೊಂಚ ಕೋಪವೇ ಬಂತು. ಆಗಷ್ಟೇ ಇಸ್ತ್ರಿ ಮಾಡಿದ ಅಂಗಿ, ಹೊಸ ಟೋಪಿ ಎಲ್ಲ ವ್ಯರ್ಥವಾಗಿ, ಎರಡು ತುಂಡು ತೊಗಲಿಗೆ ನನ್ನ ವ್ಯಕ್ತಿತ್ವ ಇಳಿದುಹೋಯಿತಲ್ಲ ಎನ್ನಿಸಿತು. ಆಮೇಲಾಮೇಲೆ ಆ ಚಪ್ಪಲಿಯ ಅಟ್ಟೆ ಸವೆದದ್ದನ್ನು ನನಗಿಂತ ಮುಂಚೆ ಕಂಡವನೂ ಅವನೇ.

ಚಿನ್ನ ಹುಡುಕುವುದು ಅವನ ಕಸುಬು. ಹೀಗೆಂದ ಕೂಡಲೇ ಕಣ್ಣರಳಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಹೋಬಳಿಯ ಕೂಲಿಯವರ ನಡುವೆಯೂ ಅವನಷ್ಟು ಬಡವರು ಅಪರೂಪ. ಅಂಗೈಯಗಲ ನೆಲವಿಲ್ಲದ, ಊರಿಂದ ಹೊರಗಿನ ಕೇರಿಯಲ್ಲಿ ಹುಟ್ಟಿದವನು. ಗೌಡರ ಹೊಲಕ್ಕೆ ಆಳಾಗಿ ನಿಲ್ಲಲೊಲ್ಲದೆ, ಅಪ್ಪನಿಂದ ಬಂದ ಮರಿಗೆಯೊಂದನ್ನು, ಎಂದರೆ ಹಲಸಿನ ಮರದಲ್ಲಿ ಕೆತ್ತಿದ ಅಗಲವಾದ ತಗ್ಗುತಟ್ಟೆಯನ್ನು, ತಲೆಯ ಮೇಲೆ ಬೋರಲು ಹಾಕಿಕೊಂಡು, ಮಳೆ ಹಿಂದೆಗೆದೊಡನೆ ಹೊಳೆನರಸೀಪುರದ ಸುತ್ತಣ ಹಳ್ಳಗಳನ್ನೂ, ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳ ನಡುವೆ ನುಸುಳುವ ತೊರೆಗಳನ್ನೂ, ಒಮ್ಮೊಮ್ಮೆ ಚನ್ನರಾಯಪಟ್ಟಣದ ಕಡೆಯ ಕೆರೆಕೋಡಿಗಳನ್ನೂ ತಡಕುತ್ತಾ ಅಲೆಯುತ್ತಿದ್ದ. ಪ್ರವಾಹ ತಂದು ಒಟ್ಟಿದ ಕಲ್ಲುಮಣ್ಣಿನ ಗರಸನ್ನು ಮರಿಗೆಗೆ ತುಂಬಿ, ನೀರಿನಲ್ಲಿ ಅದ್ದಿ, ತೊಟ್ಟಿಲು ತೂಗುವ ಹಾಗೆ ತೂಗುವನು. ಕಲ್ಲು ಹೋಗಿ, ಮಣ್ಣು ಹೋಗಿ, ಬಿಳಿಮರಳು ಹೋಗಿ, ಕಡೆಗೊಂದು ಹಿಡಿ ಕರಿಮರಳು ಉಳಿಯುವುದು. ಅದರ ಅಂಚಿನಲ್ಲಿ, ಅದೃಷ್ಟವಿದ್ದರೆ, ಹಳದಿಯ ಒಂದು ಗೆರೆ. ಬಹುಪಾಲು ದಿನ ಗೆರೆಯೂ ಇಲ್ಲ, ಏನೂ ಇಲ್ಲ. ಆಗ ಅವನು ಮರಿಗೆಯನ್ನು ತೊಳೆದು, ‘ಇದ್ರೆ ಐತೆ, ಇಲ್ದಿದ್ರೆ ಇಲ್ಲ ಕಣ್ ಸಾ,’ ಎನ್ನುತ್ತಿದ್ದ. ಈ ಮಾತು ಅವನ ಬಾಯಲ್ಲಿ ದಿನಕ್ಕೆಷ್ಟು ಸಲ ಬರುತ್ತಿತ್ತೆಂದರೆ, ನಮ್ಮ ಶಾಲೆಯ ಮಕ್ಕಳು ಲೆಕ್ಕಕ್ಕೆ ಉತ್ತರ ಬಾರದಿದ್ದಾಗ ಅದನ್ನೇ ಹೇಳಿ ನನ್ನಿಂದ ಏಟು ತಿನ್ನುತ್ತಿದ್ದರು.

ಅವನ ಮೈಮೇಲೆ ವರ್ಷವಿಡೀ ಒಂದು ಖಾಕಿ ಕೋಟು. ಭೂಶೋಧನೆಗೆಂದು ಬಂದಿದ್ದ ಯಾರೋ ಅಧಿಕಾರಿಯ ಸಾಮಾನು ಹೊತ್ತದ್ದಕ್ಕೆ ಸಿಕ್ಕಿದ್ದು. ಅಧಿಕಾರಿ ಆಜಾನುಬಾಹುವಾಗಿದ್ದಿರಬೇಕು, ಆ ಕೋಟಿನೊಳಗೆ ಇಬ್ಬರು ದ್ಯಾವಯ್ಯಂದಿರು ಆರಾಮವಾಗಿ ಸಂಸಾರ ಮಾಡಬಹುದಿತ್ತು. ಅದರ ಜೇಬುಗಳೆಲ್ಲ ಬೆಣಚುಕಲ್ಲಿನ ಚೂರುಗಳಿಂದ ಜೋತುಬಿದ್ದು, ಅವನು ನಡೆದರೆ ಎತ್ತಿನ ಕೊರಳ ಗಂಟೆಯ ಹಾಗೆ ಗಲಗಲ ಸದ್ದು. ನಡಿಗೆಯೂ ವಿಚಿತ್ರ. ಒಣ ನೆಲದಲ್ಲೂ ಹೆಬ್ಬೆರಳನ್ನು ಮೊದಲು ಊರಿ, ನೆಲದ ಮನಸ್ಸು ತಿಳಿದುಕೊಂಡು, ಆಮೇಲೆ ಹಿಮ್ಮಡಿ ಇಡುವನು. ಹೊಳೆನರಸೀಪುರದ ಪೇಟೆಬೀದಿಯಲ್ಲಿ ಅವನು ಹೀಗೆ ನಡೆದುಬಂದರೆ ಅಂಗಡಿಯವರು, ‘ಬಂದಪ್ಪಾ ಕುಬೇರ, ದಾರಿ ಬಿಡ್ರಯ್ಯಾ,’ ಎಂದು ಗೇಲಿ ಮಾಡುವರು. ಕುಬೇರ ಯಾರ ಮುಖವನ್ನೂ ನೋಡದೆ, ಚರಂಡಿಯ ಪಕ್ಕದ ಮರಳನ್ನು ನೋಡಿಕೊಂಡು ಹಾದುಹೋಗುತ್ತಿದ್ದ.

ಆ ಬೀದಿಯ ಕೊನೆಯಲ್ಲಿ ಅಕ್ಕಸಾಲಿ ಕಾಳಾಚಾರಿಯ ಅಂಗಡಿ. ದ್ಯಾವಯ್ಯ ಜಗುಲಿಯ ಕೆಳಗೆ, ಬಿಸಿಲಲ್ಲಿ, ಕೈಕಟ್ಟಿ ನಿಲ್ಲುತ್ತಿದ್ದ. ಅವನು ತಂದ ಚಿನ್ನ ಮಾತ್ರ ಜಗುಲಿ ಹತ್ತಿ ಒಳಗೆ ಹೋಗುತ್ತಿತ್ತು. ಕಾಳಾಚಾರಿ ಕೆಟ್ಟವನಲ್ಲ, ಲೋಕದಂತೆ ಇದ್ದವನು. ತೂಕದಲ್ಲಿ ಮೋಸ ಮಾಡುತ್ತಿರಲಿಲ್ಲ, ನೆರಳಿಗೆ ಕರೆಯುತ್ತಲೂ ಇರಲಿಲ್ಲ.

ಇನ್ನು ಬೆಟ್ಟಮ್ಮ. ದ್ಯಾವಯ್ಯನ ಹೆಂಡತಿ. ಮಕ್ಕಳಿಲ್ಲದ ಆ ಮನೆಯ ಮಾತು, ನಗು, ಜಗಳ ಎಲ್ಲವೂ ಅವಳೊಬ್ಬಳ ಬಾಯಿಂದಲೇ ಹೊರಡಬೇಕು. ಕೊರಳಲ್ಲಿ ಅರಿಶಿನದ ದಾರಕ್ಕೆ ಕಟ್ಟಿದ ಒಂದು ಅರಿಶಿನದ ಕೊಂಬು. ಮದುವೆಯ ವರ್ಷ ಗಂಡಿನ ಕಡೆಗೆ ತಾಳಿಗೆ ಗತಿಯಿಲ್ಲದೆ ಕೊಂಬು ಕಟ್ಟಿಸಿದ್ದರಂತೆ; ‘ಬರೋ ಮಳೆಗಾಲ ಕಳೀಲಿ, ಅಳ್ಳದ ಚಿನ್ನದಲ್ಲೇ ತಾಳಿ ಮಾಡಿಸ್ತೀನಿ,’ ಎಂದು ಮದುಮಗ ಹಸೆಯ ಮೇಲೆಯೇ ಹೇಳಿದ್ದನಂತೆ. ಅದೆಷ್ಟೋ ಮಳೆಗಾಲ ಕಳೆದವು. ಕೊಂಬಿಗೆ ಹುಳ ಹಿಡಿದಾಗಲೆಲ್ಲ ಗೌರಿಹಬ್ಬದ ದಿನ ಹೊಸ ಕೊಂಬು. ‘ನೋಡಿ ಮೇಷ್ಟ್ರೇ, ನಮ್ ಯಜಮಾನ ಚಿನ್ನ ತಗೀತಾನೆ, ನಾನು ಕೊಂಬು ಕಟ್ಕತೀನಿ. ಉಳುಕ್ಕೆ ಬೇಜಾರಾಗದಂಗೆ ಇಬ್ರೂ ಬದುಕ್ತಾ ಇದೀವಿ,’ ಎಂದು ನನ್ನೆದುರಿಗೇ ಗಂಡನನ್ನು ಚುಚ್ಚುವಳು. ಅವನು ನೆಲ ನೋಡುತ್ತಾ ನಗುವನು.

ಅವನು ಮಾತು ಮರೆತಿರಲಿಲ್ಲ. ಅಲ್ಲೇ ಇದ್ದದ್ದು ಅವನ ಹಟದ ಮೂಲ. ಹೊಟ್ಟೆಪಾಡಿನ ಚಿನ್ನವನ್ನು ಎಲ್ಲರಂತೆ ಪಾದರಸದಿಂದಲೇ ತೆಗೆಯುತ್ತಿದ್ದ: ಕರಿಮರಳಿಗೆ ರಸ ಬೆರೆಸಿ ಉಜ್ಜಿದರೆ ಕಣ್ಣಿಗೆ ಕಾಣದ ಹುಡಿಯೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ, ಬಟ್ಟೆಯಲ್ಲಿ ಹಿಂಡಿ, ಉಳಿದ ಉಂಡೆಯನ್ನು ಕಬ್ಬಿಣದ ಸೌಟಿನಲ್ಲಿಟ್ಟು ಕಾಯಿಸಿದರೆ ರಸ ಹೊಗೆಯಾಗಿ ಹೋಗಿ ಚಿನ್ನ ನಿಲ್ಲುತ್ತದೆ. ಆ ಕಾಯಿಸುವ ಕೆಲಸ ಬೆಟ್ಟಮ್ಮನದು, ಮುದ್ದೆ ಬೇಯಿಸುವ ಒಲೆಯ ಮೇಲೆಯೇ. ಆದರೆ ತಾಳಿಯ ಚಿನ್ನ ಹಾಗಲ್ಲ. ಅದಕ್ಕೆ ರಸ ಮುಟ್ಟಬಾರದು. ಮರಿಗೆಯಲ್ಲಿ ತಾನಾಗಿ ಕಣ್ಣಿಗೆ ಬಿದ್ದ ಕಾಳು, ಬೆರಳ ತುದಿಯಿಂದ ಎತ್ತಿದ್ದು, ಅದಷ್ಟೇ ಆಗಬೇಕು. ಅಂಥ ಕಾಳನ್ನು ಹದ್ದಿನ ಗರಿಯ ಟೊಳ್ಳು ಕೊಳವೆಗೆ ಹಾಕಿ, ಬಾಯಿಗೆ ಜೇನುಮೇಣ ಮೆತ್ತಿ, ಕೋಟಿನ ಒಳಜೇಬಿನಲ್ಲಿ ಪಿನ್ನು ಚುಚ್ಚಿ ಇಟ್ಟುಕೊಂಡಿದ್ದ. ಉಪವಾಸ ಬಿದ್ದ ಆಷಾಢಗಳಲ್ಲೂ ಆ ಗರಿಯ ಮೇಣ ಒಡೆದು ಒಂದು ಕಾಳನ್ನೂ ಮಾರಲಿಲ್ಲ. ಒಮ್ಮೆ ನನಗೆ ತೋರಿಸಿದ. ಬಿಸಿಲಿಗೆ ಹಿಡಿದರೆ ಗರಿಯ ಗೋಡೆಯಾಚೆ ಹಳದಿ ಸಣ್ಣಗೆ ಮಿನುಗುತ್ತಿತ್ತು. ಆ ಗಳಿಗೆಯಲ್ಲಿ ಅವನು ನನ್ನ ಮುಖ ನೋಡಿದ. ಅವನ ಕಣ್ಣಿನ ಬಣ್ಣ ನನಗೆ ತಿಳಿದದ್ದು ಅಂದೇ.

ಕೊನೆಗೂ ಗರಿ ತುಂಬಿತು. ಅರವತ್ತೆರಡರ ಕೊನೆಯ ಚಳಿಗಾಲ. ಕಾಳಾಚಾರಿ ಒರೆಗಲ್ಲಿಗೆ ಹಚ್ಚಿ ನೋಡಿ, ‘ಎಲಾ ದ್ಯಾವ, ಇಂಥದ್ದು ನಾ ಕಂಡೇ ಇಲ್ಲ ಕಣ್ಲಾ. ಸಂಕ್ರಾಂತಿ ಕಳ್ದ ಮ್ಯಾಲೆ ಬಾ, ಒಳ್ಳೇ ದಿನ ನೋಡಿ ಮಾಡ್ಕೊಡ್ತೀನಿ,’ ಎಂದ. ಸಂಕ್ರಾಂತಿಗೆ ಇನ್ನೂ ಕೆಲವು ದಿನವಿರುವಾಗಲೇ ಸರ್ಕಾರದ ಚಿನ್ನದ ಕಾಯಿದೆ ಬಂತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲ್ಪಟ್ಟ ಒಡವೆ ಮಾಡಕೂಡದು. ಯುದ್ಧದ ಕಾಲ, ದೇಶಕ್ಕೆ ಚಿನ್ನ ಬೇಕು, ಅದೆಲ್ಲ ಸರಿಯೇ. ನಾನೂ ಶಾಲೆಯಲ್ಲಿ ಭಾಷಣ ಮಾಡಿದವನೇ. ಆದರೆ ಅಕ್ಕಸಾಲಿಗರ ಕೇರಿಯಲ್ಲಿ ಒಲೆ ಆರಿದ್ದನ್ನು ಕಣ್ಣಾರೆ ಕಂಡ ಮೇಲೆ ನನ್ನ ಭಾಷಣ ನನಗೇ ಕಹಿಯಾಯಿತು.

ಸಂಕ್ರಾಂತಿ ಕಳೆದು ದ್ಯಾವಯ್ಯ ಹೋದಾಗ ನಾನೂ ಪೇಟೆಗೆ ಹೋಗಿದ್ದೆ. ಕಾಳಾಚಾರಿ ತಗ್ಗಿದ ದನಿಯಲ್ಲಿ, ‘ತಾಮ್ರ ಬೆರೆಸಿ ಮಾಡ್ಬೇಕು ಕಣಪ್ಪಾ, ಬೇರೆ ದಾರಿ ಇಲ್ಲ. ಕೊಡು, ಇವತ್ತೇ ಕೂತ್ಕತೀನಿ,’ ಎಂದ. ದ್ಯಾವಯ್ಯ ಗರಿಯನ್ನು ತಿರುಗಿ ಕೋಟಿಗೆ ಚುಚ್ಚಿಕೊಂಡ.

‘ಜಲ್ಮೆಲ್ಲಾ ಬೇರೆ ಮಾಡ್ದವ್ನು ನಾನು, ಆಚಾರ್ರೇ. ಇವತ್ತು ಬೆರಸು ಅಂತೀರಲ್ಲ. ಬ್ಯಾಡಿ. ಕಾನೂನು ಓಗೋಗಂಟ ಕಾಯ್ತೀನಿ.’

ದಾರಿಯುದ್ದಕ್ಕೂ ನಾನು ಅವನ ಮೇಲೆ ರೇಗಿದೆ. ಅಯ್ಯಾ, ತಾಮ್ರ ಬೆರೆಯದೆ ಯಾವ ಒಡವೆಯಾದರೂ ನಿಂತೀತೇ, ಸ್ವಲ್ಪ ಹೆಚ್ಚಾದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ಕೇಳಿದೆ. ಮನೆಯಲ್ಲಿ ಬೆಟ್ಟಮ್ಮ ಬಾಗಿಲಿಗೇ ಬಂದು ನಿಂತಿದ್ದಳು. ಸೀರೆ ಉಟ್ಟಿದ್ದ ಚೆಂದ ನೋಡಿದರೆ ಬೆಳಗಿನಿಂದ ಕಾದಿದ್ದಾಳೆಂದು ತಿಳಿಯುತ್ತಿತ್ತು. ವಿಷಯ ಕೇಳಿ, ಗೇಲಿ ಮಾಡುವಳೆಂದು ನಾನು ಕಾದರೆ, ಗೇಲಿ ಮಾಡಲಿಲ್ಲ.

‘ತಾಮ್ರ ಇದ್ರೆ ಇರ್ಲಿ ಬುಡು. ನಾನೇನು ಒರೆಗಲ್ಲು ಮಡಿಕ್ಕಂಡು ಕೂತಿದ್ನಾ? ನಿನ್ ಕೈಲಿ ಕಟ್ಸ್ಕಬೇಕು ಅಂತಿದ್ದೆ ಅಷ್ಟೇಯ,’ ಎಂದಳು.

ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ. ಅವನು ಕೇಳಿಸಿಕೊಂಡ, ಆದರೆ ಒಪ್ಪಲಿಲ್ಲ.

ಕಾನೂನು ಹೋಗಲಿಲ್ಲ, ಬೆಟ್ಟಮ್ಮನ ಆರೋಗ್ಯ ಹೋಯಿತು. ಮೊದಲು ಕೈನಡುಕ. ಮುದ್ದೆ ಕಟ್ಟುವಾಗ ಹಿಟ್ಟು ಚೆಲ್ಲುವುದು, ಬಿಂದಿಗೆ ಜಾರುವುದು. ಆಮೇಲೆ ವಸಡು ಊದಿಕೊಂಡು ಗಟ್ಟಿ ಹಲ್ಲುಗಳು ಒಂದೊಂದಾಗಿ ಅಲ್ಲಾಡಿದವು. ಅಷ್ಟು ಮಾತಿನ ಹೆಂಗಸು ಮಾತು ತೊದಲಿ, ಸುಮ್ಮನೆ ಗೋಡೆಗೊರಗಿ ಕೂರುವಂತಾದಳು. ಹಾಸನದ ಡಾಕ್ಟರೊಬ್ಬರು ಮನೆಯ ಕಸುಬು ಏನೆಂದು ವಿಚಾರಿಸಿ, ರಸದ ಹೊಗೆ ವರ್ಷಾನುಗಟ್ಟಲೆ ಮೈಗೆ ಸೇರಿದೆ, ಇನ್ನು ಅದರ ಹತ್ತಿರ ಕೂರಿಸಬೇಡಿ ಎಂದರು. ಆಸ್ಪತ್ರೆಯ ಹೊರಗೆ ಹುಣಸೆಮರದ ಬುಡದಲ್ಲಿ ದ್ಯಾವಯ್ಯ ಕುಸಿದು ಕೂತ. ‘ಅವ್ಳ ಕೈ ನಡುಗಾಕಿಲ್ಲ ಅಂತ ಸೌಟು ಅವ್ಳ ಕೈಗೆ ಕೊಟ್ಟೆ ಸಾ. ಆ ಒಗೆ ನಾ ಕುಡೀಬೇಕಿತ್ತು,’ ಎಂದು ಮಗುವಿನಂತೆ ಅತ್ತ.

ಅದಾದ ಕೆಲವು ದಿನಕ್ಕೆ, ಒಂದು ಬೆಳಗ್ಗೆ, ಅವನು ಶಾಲೆಯ ಬಳಿ ಬಂದು ನಿಂತ. ‘ಬೆಳಗೊಳಕ್ಕೆ ಓಗ್ಬೇಕು ಸಾ, ಬಸ್ಸು ತಿಳೀದು, ಜೊತೆಗೆ ಬತ್ತೀರಾ?’ ಎಂದ. ಅಂಗಡಿ ಮುಚ್ಚಿದ ಕಾಳಾಚಾರಿ ಶ್ರವಣಬೆಳಗೊಳದಲ್ಲಿ ಯಾತ್ರಿಕರಿಗೆ ಕಡಲೆಪುರಿ ಮಾರುತ್ತಿದ್ದಾನೆಂದು ಸುದ್ದಿಯಿತ್ತು. ಬಸ್ಸಿನಲ್ಲಿ ದ್ಯಾವಯ್ಯ ಕೋಟಿನಿಂದ ಗರಿಯನ್ನೂ, ಜೊತೆಗೆ ಮಾಸಿದ ಬಟ್ಟೆಯ ಗಂಟೊಂದನ್ನೂ ತೆಗೆದ. ಗಂಟಿನಲ್ಲಿ ತಾಮ್ರದ ಒಂದು ತುಂಡು. ಒಡೆದ ಚೊಂಬಿನ ಕಂಠವಿರಬೇಕು, ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ್ದ.

‘ಬೆರ್ಸಾಕೆ ನಾನೇ ತಂದಿವ್ನಿ ಸಾ. ಬ್ಯಾರೆ ತಾಮ್ರ ಬ್ಯಾಡ. ಇದ್ರಲ್ಲಿ ಅವ್ಳೇ ನೀರು ಸೇದ್ತಿದ್ದಿದ್ದು.’

ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಮೆಟ್ಟಿಲುಗಳ ಬುಡದಲ್ಲಿ ಪುರಿಯ ಬುಟ್ಟಿಯ ಹಿಂದೆ ಕೂತಿದ್ದ ಕಾಳಾಚಾರಿ ನಮ್ಮನ್ನು ಕಂಡು ಎದ್ದು ನಿಂತ. ವಿಷಯ ಕೇಳಿದ. ತಾಮ್ರದ ತುಂಡನ್ನೂ ಗರಿಯನ್ನೂ ಒಂದೊಂದು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ‘ಮೂಸೆ ಮಾರ್ದೆ, ತಿದಿ ಮಾರ್ದೆ, ಇಕ್ಕಳ ಮಾರ್ದೆ ಕಣೋ ದ್ಯಾವಯ್ಯ. ಎಡಬಲ ಯಾರೂ ಒಲೆ ಹಚ್ತಾ ಇಲ್ಲ. ಅಂದೇ ಕೊಟ್ಟಿದ್ರೆ…’ ಎಂದು ಅವನ ಹೆಗಲ ಮೇಲೆ ಕೈಯಿಟ್ಟು ತನ್ನ ಚಾಪೆಯ ಮೇಲೆ ಕೂರಿಸಿದ. ಅಷ್ಟು ವರ್ಷ ಜಗುಲಿಯ ಕೆಳಗೆ ನಿಂತವನನ್ನು ಅಂದು ಮೊದಲ ಸಲ ಪಕ್ಕದಲ್ಲಿ ಕೂರಿಸಿಕೊಂಡು, ಪುರಿ ಕೊಟ್ಟು, ತಾನೂ ಅತ್ತ. ಇಬ್ಬರಿಗೂ ಹೇಳಿಕೊಳ್ಳಲು ಕಸುಬೇ ಉಳಿದಿರಲಿಲ್ಲ.

ನಾವು ಹಿಂದಿರುಗುವ ಹೊತ್ತಿಗೆ ಕೇರಿಯ ಹೆಂಗಸರು ಗುಡಿಸಲ ಮುಂದೆ ಸೇರಿದ್ದರು. ಬೆಟ್ಟಮ್ಮನಿಗೆ ಉಸಿರು ಮೇಲಾಗಿತ್ತು. ಹೋಗುವ ಜೀವದ ಬಾಯಿಗೆ ನೀರಿನೊಡನೆ ಚೂರು ಚಿನ್ನ ಹಾಕುವುದು ಅಲ್ಲಿಯ ಪದ್ಧತಿ; ಯಾರದಾದರೂ ಓಲೆಯಿಂದ ಕೆರೆದ ಪುಡಿಯಾದರೂ ಸರಿ. ಹಿರಿಯಳಾದ ಮಲ್ಲಿಗಮ್ಮ ತನ್ನ ಕಿವಿಗೆ ಕೈಹಾಕಿದ್ದಳು. ದ್ಯಾವಯ್ಯ ಅವಳ ಕೈ ತಡೆದ. ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗರಿಯ ಮೇಣವನ್ನು ಹಲ್ಲಿನಿಂದ ಕಚ್ಚಿ ತೆಗೆದು, ಕೊಳವೆಯನ್ನು ಅವಳ ತುಟಿಗೆ ಬಾಗಿಸಿದ.

‘ಒಂದ್ ಕಾಳು ಸಾಕು ಕಣ್ ಮಗ,’ ಎಂದಳು ಮಲ್ಲಿಗಮ್ಮ.

‘ಎಲ್ಲಾ ಅವ್ಳ್ದೇ ಕಣವ್ವಾ,’ ಎಂದ ದ್ಯಾವಯ್ಯ, ಮತ್ತು ಗರಿಯನ್ನು ಪೂರ್ತಿ ಬರಿದು ಮಾಡಿದ. ಚಿನ್ನದ ಕಾಳುಗಳು ಅವಳ ತುಟಿಯಂಚಿಗೆ ಅಂಟಿದವು. ಕಣ್ಣು ಒಮ್ಮೆ ತೆರೆಯಿತು. ಅವನ ಮುಖ ಕಂಡಳೋ ಇಲ್ಲವೋ, ಯಾರಿಗೆ ಗೊತ್ತು. ಕೊರಳಲ್ಲಿ ಅರಿಶಿನದ ಕೊಂಬಿನೊಡನೆಯೇ ಅವಳನ್ನು ಹಳ್ಳದ ದಂಡೆಯ ಮೇಲಿನ ಅವರ ಸ್ಮಶಾನದಲ್ಲಿ ಮಣ್ಣು ಮಾಡಿದರು.

ಮರುವರ್ಷವೋ ಅದರ ಮರುವರ್ಷವೋ ಸರ್ಕಾರ ಹದಿನಾಲ್ಕು ಕ್ಯಾರೆಟ್ಟಿನ ನಿಯಮವನ್ನು ಕೈಬಿಟ್ಟಿತು. ಪತ್ರಿಕೆಯಲ್ಲಿ ಓದಿ, ಅದನ್ನು ಮಡಿಸಿ ತಲೆದಿಂಬಿನ ಕೆಳಗಿಟ್ಟೆ. ಅವನಿಗೆ ಹೇಳುವ ಧೈರ್ಯ ಯಾರಿಗಿತ್ತು! ಆ ಮಳೆಗಾಲ ಹಳ್ಳ ಉಕ್ಕಿ ದಂಡೆಯನ್ನು ಕೊರೆದು, ಸ್ಮಶಾನದ ಕೆಳಗಿನ ತಿರುವಿನಲ್ಲಿ ಹೊಸ ಗರಸನ್ನು ರಾಶಿ ಹಾಕಿತ್ತು. ದ್ಯಾವಯ್ಯ ದಿಬ್ಬದ ಮೇಲೆ ಅದೇ ಕೋಟಿನಲ್ಲಿ, ಬರಿಗೈಯಲ್ಲಿ ಕೂತಿದ್ದ. ಜೇಬಿನಲ್ಲಿ ಕಲ್ಲುಗಳಿರಲಿಲ್ಲ. ಇಷ್ಟು ಒಳ್ಳೆಯ ಗರಸು ಬಂದಿದೆ, ಮರಿಗೆ ಎಲ್ಲಿ ಎಂದು ಕೇಳಿದೆ.

‘ಇಲ್ಲಿ ಸಿಕ್ರೆ ಅವ್ಳ್ದೇ ಆಗಿರ್ತದೆ ಸಾ,’ ಎಂದ.

ಆಮೇಲೆ ಅವನು ಯಾವ ಹಳ್ಳದಲ್ಲೂ ಮರಿಗೆ ಅದ್ದಲಿಲ್ಲ. ಹೊಗೆಸೊಪ್ಪಿನ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದ. ದಾರಿಯಲ್ಲಿ ಸಿಕ್ಕಿದರೆ ಈಗ ನನ್ನ ಮುಖವನ್ನೇ ನೋಡುತ್ತಿದ್ದ, ಅದು ನನಗೆ ಸಹಿಸಲಾಗುತ್ತಿರಲಿಲ್ಲ.

ಬೇರ್ಪಡಿಸುವುದನ್ನೇ ಬದುಕು ಮಾಡಿಕೊಂಡ ಜನ ಇನ್ನೂ ಅಲ್ಲಲ್ಲಿ ಇದ್ದಾರೆ. ಕಲ್ಲಿನಿಂದ ಮಣ್ಣನ್ನು, ಮಣ್ಣಿನಿಂದ ಮರಳನ್ನು, ಮರಳಿನಿಂದ ಒಂದು ಕಣವನ್ನು ಕಳೆದು ಕಳೆದು, ಶುದ್ಧವಾದದ್ದು ಎಲ್ಲೋ ಇದೆಯೆಂದು ನಂಬಿದವರು. ತಮಗಾಗಿ ಏನನ್ನೂ ಬಯಸದವರು. ಪ್ರೀತಿಸಿದವರಿಗೆ ಮಾತ್ರ ಅಪ್ಪಟವಾದದ್ದನ್ನೇ ಕೊಡುತ್ತೇನೆಂದು ಹಟ ಹಿಡಿದು, ಕೊಡಬೇಕಾದ ಹೊತ್ತನ್ನು ಹಳ್ಳದ ನೀರಿನೊಡನೆ ಹರಿಯಬಿಡುವವರು. ಅವರನ್ನು ಮೂಢರೆನ್ನುವುದು ಸುಲಭ. ಬಸ್ಸಿನಲ್ಲಿ ಆ ತಿಕ್ಕಿದ ತಾಮ್ರವನ್ನು ಕಾಣುವ ತನಕ ನಾನೂ ಹಾಗೆಯೇ ಅಂದುಕೊಂಡಿದ್ದೆ. ಅವರೂ ಕಡೆಗೆ ಬೆರೆಸಲು ಒಪ್ಪುತ್ತಾರೆ. ಆದರೆ ಅವರು ಒಪ್ಪುವ ಹೊತ್ತಿಗೆ ಒಲೆ ಆರಿರುತ್ತದೆ, ಮತ್ತು ಬಾಗಿಲಲ್ಲಿ ಒಳ್ಳೆಯ ಸೀರೆಯುಟ್ಟು ಕಾದವಳು ಕಾದು ಕಾದು ಒಳಗೆ ಹೋಗಿರುತ್ತಾಳೆ.