ಕೆಳಗಿನ ಹೊಲಕ್ಕೆ ಹೋದ ನೀರು

ನಿಡೋಣಿಯ ರುದ್ರವ್ವ ನೀರು ಚೆಲ್ಲುವ ಪೈಕಿಯಲ್ಲ. ಆಕೆಯ ಮನೆಯಲ್ಲಿ ಮುಖ ತೊಳೆದ ನೀರೂ ಕರಿಬೇವಿನ ಬುಡಕ್ಕೇ ಹೋಗಬೇಕು. ಅಂಥವಳ ತಗ್ಗಿನ ಹೊಲಕ್ಕೆ ಕಾಲುವೆ ನೀರು ಬಸಿದು ಬಂದು, ಜೋಳ ಬಾರದಂತಾಗಿ, ಈ ವರ್ಷ ಸೊಸೆ ರೂಪಾಲಿಯ ಮಾತು ಕೇಳಿ ಭತ್ತ ಹಚ್ಚಿದ್ದಳು. ರೂಪಾಲಿಯ ತವರು ಸಿಂಧನೂರು, ಭತ್ತದ ನಾಡು. ಮಡಿಯ ತುಂಬ ನಿಂತ ನೀರು ನೋಡುತ್ತ ಒಡ್ಡಿನ ಮೇಲೆ ಕೂತರೆ ರುದ್ರವ್ವನಿಗೆ ಊಟದ ನೆನಪೂ ಆಗುತ್ತಿರಲಿಲ್ಲ.

ಆದರೆ ಪೈರು ಏಳಲೇ ಇಲ್ಲ. ಎಲೆಗೆ ತುಕ್ಕಿನ ಬಣ್ಣ ಬಂತು. ಪಾಪ, ಹಸಿದಿದೆ ಎಂದು ರುದ್ರವ್ವ ಯೂರಿಯಾ ಎರಚಿದಳು. ಮರುದಿನ ರೂಪಾಲಿ ಒಂದು ಬುಡ ಕಿತ್ತು ಅತ್ತೆಯ ಮೂಗಿಗೆ ಹಿಡಿದಳು. ಬೇರು ಕಪ್ಪಾಗಿ ಗಟಾರದ ವಾಸನೆ ಹೊಡೆಯುತ್ತಿತ್ತು.

“ಅತ್ತಿ, ಅನ್ನ ಮುಂದ ಐತಿ, ಉಣ್ಣಾಕ ಬಾಯಿ ಇಲ್ಲ. ನಿಂತ ನೀರು ಹೊರಗ ಬಿಟ್ಟು ಬೇರಿಗಿ ಗಾಳಿ ಆಡಸ್ರಿ. ಇಲ್ಲಾಂದ್ರ ಪೀಕು ಹೋಗತೈತಿ.”

ಅತಿಯಾದರೆ ಅಮೃತವೂ ವಿಷ ಎಂಬುದು ರುದ್ರವ್ವನಿಗೂ ಗೊತ್ತು. ಆದರೆ ಆ ಮಾತು ನೀರಿಗೂ ಸಲ್ಲುತ್ತದೆಂದು ನಂಬುವುದು ಹೇಗೆ? ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಬಿಟ್ಟ ನೀರು ಇಳಿಯುವುದು ಮೈದುನ ಸಂಗಣ್ಣನ ಹೊಲಕ್ಕೆ. ಗಂಡ ತೀರಿಕೊಂಡ ಮೇಲೆ ಒಡ್ಡಿನ ಜಗಳದಲ್ಲಿ ಇಬ್ಬರಿಗೂ ಮಾತು ನಿಂತಿತ್ತು. ಅವನ ಇಳಿಜಾರು ಮಡಿಯಲ್ಲಿ ನೀರೂ ನಿಲ್ಲದೆ ಸತ್ವವೂ ನಿಲ್ಲದೆ ಭತ್ತ ಹಳದಿಯಾಗಿತ್ತು. ನೀರಿನ ಜೊತೆ ತನ್ನ ಗೊಬ್ಬರವೂ ಹೋಗಿ ಅವನ ಪೈರು ಉಣ್ಣುತ್ತದೆಂದು ನೆನೆದರೇ ಆಕೆಯ ಹೊಟ್ಟೆ ಉರಿಯುತ್ತಿತ್ತು. ಬಿಡದಿದ್ದರೆ ತನ್ನದು ಸಾಯುತ್ತದೆ. ಬೆಳಗೆಲ್ಲ ಸೊಸೆಯ ಮೇಲೆ ಗೊಣಗಿ, ಕೊನೆಗೆ ಎದ್ದು ಸಂಗಣ್ಣನ ಹೊಲಕ್ಕೇ ಇಳಿದಳು.

ಅವನು ಕಳೆ ಕೀಳುತ್ತಿದ್ದ. ರುದ್ರವ್ವ ಪೀಠಿಕೆ ಹಾಕಲಿಲ್ಲ.

“ನೀರು ಬಿಡಾಕತ್ತೇನಿ. ನಿನ್ನಿ ಹಾಕಿದ ಗೊಬ್ಬರ ಅದರಾಗ ಐತಿ. ನಿನ್ನ ಕೆಳಗಿನ ಒಡ್ಡು ಭದ್ರ ಮಾಡಿಕೋ, ಹಳ್ಳಕ್ಕ ಹೋಗಗೊಡಬ್ಯಾಡ.”

ಸಂಗಣ್ಣ ಕೈಯೊಳಗಿನ ಕಳೆ ಕೆಳಗೆ ಹಾಕಿದ.

“ನಿಮ್ಮ ಪೀಕು ಕೆಂಪಾಗೋದು ಮದಲ ನಾನ ನೋಡೇನಿ, ವೈನಿ. ಹೇಳಬೇಕಂತ ಒಡ್ಡಿನ ತನಕ ಬಂದು ಹೊಳ್ಳಿ ಹೋದೆ. ನೀರಿನ ಆಸೇಕ ಹೇಳತಾನ ಅಂತಿದ್ರಿ.”

ಖಂಡಿತ ಅನ್ನುತ್ತಿದ್ದಳು. ಅದಕ್ಕೇ ಆಕೆಗೆ ನಾಚಿಕೆಯಾಯಿತು. ಗಂಡ ಹೋದ ಮೇಲೆ ಯಾರೂ ಆಕೆಯನ್ನು ಅತ್ತಿಗೆಯೆಂದು ಬಗೆದು ವೈನಿ ಎಂದು ಕರೆದಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, “ನೀ ಹೇಳಿದ್ರೂ ನಾ ಕೇಳತಿದ್ದಿಲ್ಲ ಬಿಡು” ಎಂದಳು.

ಅವನು ಕೆಳಗೆ ಒಡ್ಡು ಕಟ್ಟಿದ, ರೂಪಾಲಿ ಮೇಲೆ ಒಡ್ಡು ಒಡೆದಳು. ಹರಿದು ಹೋಗುವ ನೀರನ್ನು ನೋಡಲಾರದೆ ರುದ್ರವ್ವ ರಸ್ತೆಯ ಕಡೆ ಮುಖ ಮಾಡಿ ಕೂತಳು.

ಮೂಲೆಯ ಒಂದಿಷ್ಟು ಪೈರು ಉಳಿಯಲಿಲ್ಲ. ಉಳಿದದ್ದರ ಬುಡದಲ್ಲಿ ಕೆಲವು ದಿನಕ್ಕೆ ಶಾವಿಗೆಯಂಥ ಬಿಳಿ ಬೇರು ಮೂಡಿತು. ಒಣಗಿ ಬಿರುಕು ಬಿಟ್ಟ ನೆಲ ಕಂಡು ರುದ್ರವ್ವ ಹಿಗ್ಗಿದ್ದು ಜೀವಮಾನದಲ್ಲಿ ಅದೇ ಮೊದಲು. ಒಂದು ಬುಡ ಕಿತ್ತುಕೊಂಡು, ಮೈದುನನಿಗೆ ತೋರಿಸಲು ಕೆಳಗಿನ ಹೊಲಕ್ಕೆ ನಡೆದಳು.